ಒಡೆದ ಗಾಜಿನ ಪ್ರಶ್ನೆ



ಗಾಜಿನ ಪಾತ್ರೆಗಳ ಉದ್ಯಮವು ಹೇಗೆ ಬೆಳೆಯಿತೆಂಬ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ವಿಷಯವು ವಿಸ್ತಾರವಾದುದು, ನನಗೆ ದೊರೆತಿರುವ ಕಾಲವೋ ಸ್ವಲ್ಪ. ಆದುದರಿಂದ ದೇಶದೇಶಗಳ ಗಾಜಿನ ಚರಿತ್ರೆಯನ್ನೆಲ್ಲ ಹೇಳಲು ತೊಡಗದೆ, ಅಮೆರಿಕದ ಒಂದು ಕಾರ್ಖಾನೆಯ ಕಥೆಯನ್ನೂ ನಮ್ಮ ಕಡೆಯ ಎರಡು ಮೂರು ಕುಲುಮೆಗಳ ಕಥೆಯನ್ನೂ ಜೊತೆಯಲ್ಲಿಟ್ಟು ನೋಡೋಣವೆಂದಿದ್ದೇನೆ. ಅದಕ್ಕೆ ಮೊದಲು, ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ ಬಗೆಯನ್ನು ಹೇಳಲು ಅನುಮತಿಯನ್ನು ಬೇಡುತ್ತೇನೆ.

ನಾನು ಹುಬ್ಬಳ್ಳಿಯಲ್ಲಿ ಹುಡುಗನಾಗಿದ್ದಾಗ ನಮ್ಮ ಓಣಿಗೆ ಇನ್ನೂ ವಿದ್ಯುದ್ದೀಪ ಬಂದಿರಲಿಲ್ಲ. ಸಂಜೆಯಾಗುತ್ತಲೆ ಕಂದೀಲಿನ ಗಾಜನ್ನು ಬೂದಿಯಿಂದ ಉಜ್ಜಿ, ಹಳೆಯ ಧೋತರದ ತುಂಡಿನಿಂದ ಒರಸಿ, ಬತ್ತಿಯನ್ನು ಕತ್ತರಿಸಿ ದೀಪ ಹಚ್ಚುವುದು ಮನೆಯ ಮಕ್ಕಳ ಕೆಲಸ. ಒಂದು ಮಳೆಗಾಲದ ರಾತ್ರಿ ಹಂಚಿನ ಸಂದಿಯಿಂದ ಒಂದೇ ಒಂದು ಹನಿ ಉರಿಯುವ ಕಂದೀಲಿನ ಮೇಲೆ ಬಿತ್ತು. ಠಣ್ಣೆಂದು ಶಬ್ದವಾಗಿ ಗಾಜು ಮೇಲಿಂದ ಕೆಳಗಿನವರೆಗೆ ಸೀಳಿತು. ಗಾಜು ಹೀಗೆ ಏಕೆ ಒಡೆಯಿತೆಂದು ನಾನು ಅಜ್ಜಿಯನ್ನು ಕೇಳಿದೆ. “ಗಾಜು ಅಂದ್ರ ಒಡೀತದಪ್ಪಾ, ಅದರ ಗುಣಾನ ಅದು” ಎಂದು ಆಕೆ ಉತ್ತರವಿತ್ತಳು. ಮರುದಿನ ಪೇಟೆಯಿಂದ ತಂದ ಹೊಸ ಗಾಜನ್ನು ಹುಲ್ಲಿನಲ್ಲಿ ಸುತ್ತಿ, ತಣ್ಣೀರು ತುಂಬಿದ ಪಾತ್ರೆಯಲ್ಲಿ ಮುಳುಗಿಸಿ, ನಿಧಾನವಾಗಿ ಕುದಿಸಿ, ಒಲೆ ಆರಿದ ಮೇಲೂ ರಾತ್ರಿಯೆಲ್ಲ ಅಲ್ಲಿಯೇ ಬಿಟ್ಟಳು. ಹೀಗೆ ಮಾಡಿದರೆ ಗಾಜು ಗಟ್ಟಿಯಾಗುವುದೆಂದು ಆಕೆಯ ನಂಬಿಕೆ. ಓಣಿಯ ಮನೆಮನೆಯಲ್ಲಿಯೂ ಅದೇ ಪದ್ಧತಿಯಿತ್ತು.

ಈ ಪದ್ಧತಿಯಲ್ಲಿ ಅರ್ಧ ಸತ್ಯವಿದೆಯೆಂಬುದು ನನಗೆ ಬಹಳ ವರ್ಷಗಳ ಮೇಲೆ ತಿಳಿಯಿತು. ಗಾಜನ್ನು ಕಾಯಿಸಿ ಮೆಲ್ಲಮೆಲ್ಲನೆ ಆರಿಸಿದರೆ ಅದರೊಳಗಿನ ಬಿಗಿತವು ಸಡಿಲವಾಗಿ ಅದು ಬಾಳಿಕೆ ಬರುವುದು ನಿಜ. ಪ್ರತಿಯೊಂದು ಗಾಜಿನ ಕಾರ್ಖಾನೆಯಲ್ಲಿಯೂ ಈ ಕೆಲಸಕ್ಕೆಂದೇ ಬೇರೆ ಒಲೆಯಿರುತ್ತದೆ. ಆದರೆ ಅದಕ್ಕೆ ಸುಮಾರು 500 ಡಿಗ್ರಿ ಶಾಖ ಬೇಕು. ಕುದಿಯುವ ನೀರಿನ 100 ಡಿಗ್ರಿ ಸಾಲದು. ಅಜ್ಜಿಯ ಪಾತ್ರೆಯಲ್ಲಿ ಗಾಜು ಗಟ್ಟಿಯಾಗುತ್ತಿರಲಿಲ್ಲ, ಬರಿಯ ಪರೀಕ್ಷೆಯಾಗುತ್ತಿತ್ತು. ದುರ್ಬಲವಾದುದು ದೀಪದ ಮೇಲೆ ಒಡೆಯುವುದಕ್ಕೆ ಬದಲಾಗಿ ಪಾತ್ರೆಯಲ್ಲಿಯೇ ಒಡೆಯುತ್ತಿತ್ತು. ಉಳಿದುದು ತನ್ನ ಸ್ವಂತ ಬಲದಿಂದ ಉಳಿಯುತ್ತಿತ್ತು. ಆಕೆಯ ಅನುಭವವು ಸತ್ಯದ ಬಾಗಿಲವರೆಗೆ ಬಂದು ನಿಂತಿತ್ತು. ಬಾಗಿಲನ್ನು ತೆರೆಯುವವರು ಯಾರೂ ಇರಲಿಲ್ಲ. ಒಡೆದ ಗಾಜನ್ನು ಕಸದ ಬುಟ್ಟಿಗೆ ಒಯ್ಯಬಹುದಾಗಿತ್ತೇ ಹೊರತು, ಅದು ಏಕೆ ಒಡೆಯಿತೆಂದು ಕೇಳಲು ಒಯ್ಯಬಹುದಾದ ಮನೆಯೊಂದೂ ಊರಿನಲ್ಲಿರಲಿಲ್ಲ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಬೇಕು. ನನ್ನ ಭಾಷಣದ ಸಾರವೆಲ್ಲ ಇದರಲ್ಲಿಯೇ ಇದೆ.

ಗಾಜಿನ ವಿದ್ಯೆ ನಮ್ಮ ನಾಡಿಗೆ ಹೊಸದೆಂದು ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಇಂದಿನ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲೂಕಿನಲ್ಲಿ ಮತ್ತೋಡು ಎಂಬ ಗ್ರಾಮವಿದೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ, ಹೊಸದಾಗಿ ಕೈಸೇರಿದ ಸೀಮೆಯ ಬೆಳೆ, ಕಸುಬು, ವ್ಯಾಪಾರಗಳನ್ನು ಕಣ್ಣಾರೆ ಕಂಡು ಬರೆಯುವುದಕ್ಕಾಗಿ ಗವರ್ನರ್ ಜನರಲ್ ವೆಲ್ಲೆಸ್ಲಿಯು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳುಹಿಸಿದನು. 1800–1801ರಲ್ಲಿ ಸಂಚರಿಸಿದ ಈತನು ಮತ್ತೋಡಿನಲ್ಲಿ ಗಾಜಿನ ಬಳೆಗಳನ್ನು ಮಾಡುವ ಕುಲುಮೆಗಳನ್ನು ಕಂಡನು. ಊರಗೋಡೆಯ ಒಳಮಗ್ಗುಲಿಗೆ ಕಟ್ಟಿದ ಎತ್ತರವಾದ ಜಗಲಿಯಲ್ಲಿ ಆ ಕುಲುಮೆಗಳಿದ್ದುವು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂದು ಐದು ಬಣ್ಣದ ಗಾಜನ್ನು ಅಲ್ಲಿಯವರು ತಯಾರಿಸುತ್ತಿದ್ದರು. ಸವುಳು ಮಣ್ಣಿನಿಂದ ತೆಗೆದ ಕ್ಷಾರವೂ ಬಿಳಿಯ ಬೆಣಚುಕಲ್ಲೂ ಅವರ ಮುಖ್ಯ ಸಾಮಗ್ರಿಗಳು.

ಬಳೆ ಮಾಡುವ ಕೆಲಸವನ್ನು ನೋಡಿದವರಿಗೆ ಅದರ ಕೌಶಲ ಗೊತ್ತು. ಕರಗಿದ ಗಾಜಿನ ಒಂದು ಮುದ್ದೆಯನ್ನು ಕಬ್ಬಿಣದ ಸಲಾಕೆಯ ತುದಿಗೆ ತೆಗೆದುಕೊಂಡು, ನಡುವೆ ತೂತು ಮಾಡಿ, ಆ ಉಂಗುರವನ್ನು ಶಂಕುವಿನಾಕಾರದ ಮಣ್ಣಿನ ಅಚ್ಚಿನ ಮೇಲೆ ತಿರುಗಿಸುತ್ತ ಹಿಗ್ಗಿಸಬೇಕು. ಕಣ್ಣುರೆಪ್ಪೆ ಬಡಿಯುವಷ್ಟು ತಡವಾದರೂ ಗಾಜು ಬಿಗಿದುಬಿಡುತ್ತದೆ, ಆತುರಪಟ್ಟರೆ ಜೋಲುತ್ತದೆ. ಬೆಸುಗೆಯಿಲ್ಲದ ದುಂಡಾದ ಬಳೆ ಹೀಗೆ ಹುಟ್ಟುತ್ತಿತ್ತು. ಶಾಖಮಾಪಕವಿಲ್ಲದೆ, ತಕ್ಕಡಿಯ ಲೆಕ್ಕವಿಲ್ಲದೆ, ಕೇವಲ ಕಣ್ಣಿನ ಮತ್ತು ಕೈಯ ತಿಳಿವಳಿಕೆಯಿಂದ ಐದು ಬಣ್ಣದ ಗಾಜನ್ನು ಇಳಿಸಿದವರನ್ನು ಅಜ್ಞಾನಿಗಳೆಂದು ಕರೆಯುವ ಧೈರ್ಯ ನನಗಿಲ್ಲ.

ಆದರೂ ಆ ಕುಲುಮೆಗಳು ಆರಿಹೋದುವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆಸ್ಟ್ರಿಯ ಮೊದಲಾದ ದೇಶಗಳಿಂದ ಹೊಳಪಿನ ಅಗ್ಗದ ಬಳೆಗಳು ಹಡಗುಗಳಲ್ಲಿ ಬಂದು ಮುಂಬಯಿಯಲ್ಲಿ ಇಳಿದುವು. ರೈಲು ಅವುಗಳನ್ನು ಸಂತೆಸಂತೆಗೂ ಮುಟ್ಟಿಸಿತು. ಮತ್ತೋಡಿನ ಬಳೆ ಮಂದವಾಗಿಯೂ ದಪ್ಪವಾಗಿಯೂ ಕಾಣಿಸತೊಡಗಿತು. ಹೊರಗಿನ ಸರಕಿಗೆ ಅಡ್ಡಗಟ್ಟೆ ಹಾಕುವ ಅಧಿಕಾರ ನಮ್ಮ ಕೈಯಲ್ಲಿರಲಿಲ್ಲವೆಂಬುದನ್ನು ಮರೆಯಬಾರದು. ಇದ್ದಿಲು ಬೇಕಾಗಿದ್ದಲ್ಲಿ ಕಟ್ಟಿಗೆ, ಬಂಡವಾಳ ಬೇಕಾಗಿದ್ದಲ್ಲಿ ಸಾಲ, ಇವೂ ಕಾರಣಗಳೇ. ಇಷ್ಟನ್ನೆಲ್ಲ ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತದೆ. ತಂದೆಯು ಕ್ಷಾರವನ್ನು ಎಷ್ಟು ಹಾಕಿದನೋ ಮಗನೂ ಅಷ್ಟೇ ಹಾಕಿದನು. ಗಾಜು ಮಂದವಾಗುವುದೇಕೆ, ಬಿರಿಯುವುದೇಕೆ ಎಂದು ಬಿಡುವಾಗಿ ಕುಳಿತು ವಿಚಾರಿಸಲು ಅವನಿಗೆ ಸಂಬಳ ಕೊಡುವವರು ಯಾರೂ ಇರಲಿಲ್ಲ.

ಈಗ ಅಮೆರಿಕದ ಕಡೆಗೆ ಹೋಗೋಣ. ಅಲ್ಲಿನ ಕಥೆಯೂ ವೈಭವದಿಂದ ಆರಂಭವಾಗುವುದಿಲ್ಲ. ಮ್ಯಾಸಚುಸೆಟ್ಸ್ ಪ್ರಾಂತದಲ್ಲಿ ಏಮೊರಿ ಹೌಟನ್ ಎಂಬ ವ್ಯಾಪಾರಿಯು 1851ರಲ್ಲಿ ಒಂದು ಗಾಜಿನ ಕಂಪನಿಯಲ್ಲಿ ಹಣ ತೊಡಗಿಸಿದನು. 1864ರಲ್ಲಿ ಬ್ರೂಕ್ಲಿನ್ ನಗರದ ಒಂದು ಕಾರ್ಖಾನೆಯನ್ನು ಕೊಂಡನು. ಅಲ್ಲಿ ಖರ್ಚು ಹೆಚ್ಚಾದುದರಿಂದ 1868ರಲ್ಲಿ ಯಂತ್ರಸಾಮಗ್ರಿಗಳನ್ನು ದೋಣಿಗಳಿಗೆ ಹೇರಿ, ಕಾಲುವೆಯ ಮಾರ್ಗವಾಗಿ, ನ್ಯೂಯಾರ್ಕ್ ಪ್ರಾಂತದ ಒಳನಾಡಿನ ಕಾರ್ನಿಂಗ್ ಎಂಬ ಸಣ್ಣ ಊರಿಗೆ ಸಾಗಿಸಿದನು. ಆ ಊರಿಗೆ ಪೆನ್ಸಿಲ್ವೇನಿಯದ ಕಲ್ಲಿದ್ದಲು ಸುಲಭವಾಗಿ ಬರುತ್ತಿತ್ತು. ಇಷ್ಟು ಮಾಡಿದರೂ ಎರಡೇ ವರ್ಷಗಳಲ್ಲಿ, 1870ರಲ್ಲಿ, ಕಂಪನಿಯು ದಿವಾಳಿಯೆದ್ದಿತು. ತಂದೆಯ ಹೆಸರನ್ನೇ ಹೊತ್ತಿದ್ದ ಮಗನು ಅದನ್ನು ಮತ್ತೆ ಎತ್ತಿ ನಿಲ್ಲಿಸಿದನು. 1875ರಲ್ಲಿ ಅದು ‘ಕಾರ್ನಿಂಗ್ ಗ್ಲಾಸ್ ವರ್ಕ್ಸ್’ ಎಂಬ ಹೆಸರಿನಿಂದ ರಿಜಿಸ್ಟರಾಯಿತು.

ಈ ಕಂಪನಿಯು ಏಳಿಗೆಗೆ ಬಂದ ಬಗೆಯು ಹುಬ್ಬಳ್ಳಿಯವರಿಗೆ ವಿಶೇಷವಾಗಿ ರುಚಿಸುವಂಥದು. ಏಕೆಂದರೆ ಅದು ರೈಲಿನ ಕಥೆ. 1880ರ ದಶಕದಿಂದ ನಮ್ಮ ಊರಿನಲ್ಲಿ ರೈಲ್ವೆ ಕಾರ್ಯಾಗಾರವಿದೆ. ಹಸಿರು ದೀಪ, ಕೆಂಪು ದೀಪಗಳ ಅರ್ಥ ಇಲ್ಲಿನ ಕೂಸಿಗೂ ಗೊತ್ತು. ಆದರೆ ಆ ಕಾಲದ ಅಮೆರಿಕದಲ್ಲಿ ಒಂದು ಕಂಪನಿಯ ಹಸಿರು ಇನ್ನೊಂದು ಕಂಪನಿಯ ನೀಲಿಯಂತೆ ಕಾಣುತ್ತಿತ್ತು. ಮಂಜಿನಲ್ಲಿ ಕೆಂಪು ಯಾವುದು, ಹಳದಿ ಯಾವುದು ಎಂದು ಚಾಲಕನಿಗೆ ತಿಳಿಯದೆ ಹೋದರೆ ನೂರಾರು ಪ್ರಾಣಗಳು ಅಪಾಯಕ್ಕೆ ಸಿಕ್ಕುತ್ತಿದ್ದುವು. ಕಾರ್ನಿಂಗಿನವರು ಸಿಗ್ನಲ್ ಗಾಜುಗಳನ್ನು ಮಾಡುತ್ತಿದ್ದರು. 1877ರಲ್ಲಿಯೇ ಆ ಮನೆತನದ ಚಾರ್ಲ್ಸ್ ಹೌಟನ್ ಎಂಬವನು ಗಾಜಿನ ಏಣುಗಳನ್ನು ಒಳಮಗ್ಗುಲಿಗೆ ಇಟ್ಟು, ಹೊರಮಗ್ಗುಲನ್ನು ನುಣುಪಾಗಿಸಿ, ಹಿಮವೂ ಧೂಳೂ ಕೂಡದ ಹಾಗೆ ಮಾಡಿದ್ದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರು ಯೇಲ್ ವಿಶ್ವವಿದ್ಯಾಲಯದ ಪ್ರಯೋಗಶಾಲೆಯ ನೆರವನ್ನು ಪಡೆದು, ಮನುಷ್ಯನ ಕಣ್ಣು ಯಾವ ಬಣ್ಣಗಳನ್ನು ದೂರದಿಂದ ಒಂದನ್ನೊಂದು ಬೆರೆಸದೆ ಗುರುತಿಸಬಲ್ಲುದೆಂಬುದನ್ನು ಪರೀಕ್ಷಿಸಿದರು. ವಿಲಿಯಂ ಚರ್ಚಿಲ್ ಎಂಬ ವಿದ್ವಾಂಸನ ಈ ಪರಿಶ್ರಮದ ಫಲವಾಗಿ ನಿಶ್ಚಿತವಾದ ಬಣ್ಣಗಳನ್ನು 1908ರಲ್ಲಿ ಅಲ್ಲಿನ ರೈಲ್ವೆ ಸಿಗ್ನಲ್ ಸಂಘವು ಅಂಗೀಕರಿಸಿತು.

ಅದೇ 1908ರಲ್ಲಿ ಆ ಕಾರ್ಖಾನೆಯು ಇನ್ನೊಂದು ಕೆಲಸ ಮಾಡಿತು. ಯೂಜೀನ್ ಸಲಿವನ್ ಎಂಬ ರಸಾಯನಶಾಸ್ತ್ರಜ್ಞನಿಗೆ ಸಂಬಳ ಗೊತ್ತುಮಾಡಿ, ಕಾರ್ಖಾನೆಯ ಆವರಣದಲ್ಲಿಯೇ ಪ್ರಯೋಗಶಾಲೆಯನ್ನು ತೆರೆಯಿತು. ಅವನ ಮುಂದೆ ಬಂದ ಮೊದಲಿನ ಪ್ರಶ್ನೆಗಳಲ್ಲಿ ಒಂದನ್ನು ಕೇಳಿ ನೀವು ನಗಬಹುದು. ರೈಲ್ವೆಯವರ ಕಂದೀಲು ರಾತ್ರಿ ಉರಿದು ಬಿಸಿಯಾಗಿರುವಾಗ ಮಳೆಯ ಹನಿಯೋ ಹಿಮವೋ ಬಿದ್ದು ಗಾಜು ಸೀಳುತ್ತದೆ, ಏಕೆ? ಇದು ನಮ್ಮ ಮನೆಯ ಪ್ರಶ್ನೆಯೇ. ಅದನ್ನು ಕೇಳುವ ಸಂಬಳದ ಮನುಷ್ಯನೊಬ್ಬನು ಅಲ್ಲಿದ್ದನು. ವ್ಯತ್ಯಾಸ ಅಷ್ಟೆ.

ಉತ್ತರವು ಕಠಿನವಾದುದಲ್ಲ. ಪದಾರ್ಥಗಳು ಕಾದಾಗ ಹಿಗ್ಗುತ್ತವೆ, ಆರಿದಾಗ ಕುಗ್ಗುತ್ತವೆ. ಗಾಜು ಶಾಖವನ್ನು ಬೇಗನೆ ಹರಿಯಗೊಡುವುದಿಲ್ಲ. ಹನಿ ಬಿದ್ದ ಭಾಗವು ಥಟ್ಟನೆ ಕುಗ್ಗಲೆಳಸುತ್ತದೆ. ಸುತ್ತಲಿನ ಬಿಸಿ ಭಾಗವು ಅದನ್ನು ಬಿಡುವುದಿಲ್ಲ. ಈ ಎಳೆದಾಟದಲ್ಲಿ ಗಾಜು ಸೀಳುತ್ತದೆ. ಮರಳು, ಸೋಡಾ, ಸುಣ್ಣ ಸೇರಿ ಆಗುವ ಸಾಮಾನ್ಯ ಗಾಜಿನ ಒಂದು ಮೀಟರ್ ಉದ್ದದ ಪಟ್ಟಿಯನ್ನು 100 ಡಿಗ್ರಿ ಕಾಯಿಸಿದರೆ ಅದು ಸುಮಾರು 0.9 ಮಿಲಿಮೀಟರ್ ಬೆಳೆಯುತ್ತದೆ. ಬೆಳೆಯುವುದು ಕಡಮೆಯಾದರೆ ಎಳೆದಾಟವೂ ಕಡಮೆ. ಹಾಗೆ ಕಡಮೆ ಹಿಗ್ಗುವ ಗಾಜನ್ನು ಜರ್ಮನಿಯ ಯೇನಾ ನಗರದಲ್ಲಿ ಆಟೋ ಶಾಟ್ ಎಂಬ ವಿಜ್ಞಾನಿಯು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಸಾಧಿಸಿದ್ದನು. ಅದರ ಗುಟ್ಟು ನಮ್ಮ ಅಕ್ಕಸಾಲಿಗರ ಅಂಗಡಿಯಲ್ಲಿ ಶತಮಾನಗಳಿಂದ ಬೆಸುಗೆಗೆ ಬಳಸುತ್ತಿರುವ ಬಿಳಿಗಾರದಲ್ಲಿತ್ತು. ಬಿಳಿಗಾರದೊಳಗಿನ ಬೋರಾನನ್ನು ಮರಳಿನೊಡನೆ ಹದವಾಗಿ ಬೆರೆಸಿ, ಕ್ಷಾರವನ್ನು ಕಡಮೆಮಾಡಿದರೆ, ಗಾಜಿನ ಹಿಗ್ಗುವಿಕೆಯು ಮೂರನೆಯ ಒಂದು ಪಾಲಿಗೆ ಹತ್ತಿರ ಇಳಿಯುತ್ತದೆ. ಸಲಿವನ್ನನೂ ಅವನ ಜೊತೆಗಾರನಾದ ವಿಲಿಯಂ ಟೇಲರನೂ ಇದೇ ದಾರಿಯಲ್ಲಿ ನಡೆದು, ಕಂದೀಲಿಗೆ ಒದಗುವ ‘ನಾನೆಕ್ಸ್’ ಎಂಬ ಗಾಜನ್ನು ತಯಾರಿಸಿದರು.

ಇಲ್ಲಿ ಒಂದು ವಿನೋದ ನಡೆಯಿತು. ಹೊಸ ಗಾಜು ಒಡೆಯುವುದೇ ಅಪರೂಪವಾದುದರಿಂದ ರೈಲ್ವೆಯವರು ಮತ್ತೆ ಗಾಜು ಕೊಳ್ಳುವುದೂ ಅಪರೂಪವಾಯಿತು! ಒಳ್ಳೆಯ ಸರಕು ಮಾಡಿದ ತಪ್ಪಿಗೆ ಕಂಪನಿಯ ಮಾರಾಟ ಇಳಿಯಿತು. ಆ ಗಾಜಿಗೆ ಬೇರೆ ಉಪಯೋಗವನ್ನು ಹುಡುಕಬೇಕಾಯಿತು. ಅದನ್ನು ಹುಡುಕಿಕೊಟ್ಟವಳು ಒಬ್ಬ ಗೃಹಿಣಿ.

ಪ್ರಯೋಗಶಾಲೆಯಲ್ಲಿ ಜೆಸ್ಸಿ ಲಿಟಲ್ಟನ್ ಎಂಬ ಭೌತವಿಜ್ಞಾನಿಯಿದ್ದನು. 1913ರಲ್ಲಿ ಅವನ ಹೆಂಡತಿ ಬೆಸಿಯು ಕೊಂಡು ತಂದಿದ್ದ ಅಡಿಗೆಯ ಮಣ್ಣಿನ ಪಾತ್ರೆಯು ಒಲೆಯ ಕಾವಿಗೆ ಬಿರಿಯಿತು. ನಿಮ್ಮ ಗಾಜು ಅಷ್ಟು ಗಟ್ಟಿಯಾಗಿದ್ದರೆ ಅದರಲ್ಲಿ ಅಡಿಗೆ ಮಾಡಬಾರದೇಕೆಂದು ಆಕೆ ಗಂಡನನ್ನು ಪ್ರಶ್ನಿಸಿದಳು. ಗಂಡನು ಪ್ರಯೋಗಶಾಲೆಯಿಂದ ಬ್ಯಾಟರಿಯ ಗಾಜಿನ ಜಾಡಿಗಳ ತಳವನ್ನು ಕೊಯ್ದು ಮನೆಗೆ ತಂದನು. ಆಕೆ ಅದರಲ್ಲಿ ಕೇಕನ್ನು ಬೇಯಿಸಿ ಕೊಟ್ಟಳು. ಅದು ಎಲ್ಲ ಕಡೆಯೂ ಸಮವಾಗಿ ಬೆಂದಿತ್ತು, ಬೇಯುವುದು ಹೊರಗಿನಿಂದಲೇ ಕಾಣುತ್ತಿತ್ತು, ಪಾತ್ರೆಗೆ ಅಂಟಿರಲಿಲ್ಲ. ಕಾರ್ಖಾನೆಯವರು ಇದನ್ನು ಹೆಂಗಸಿನ ಹುಚ್ಚೆಂದು ತಳ್ಳಿಬಿಡಲಿಲ್ಲ. ಮೊದಲಿನ ಗಾಜಿನಲ್ಲಿ ಸೀಸವಿದ್ದುದರಿಂದ ಅದು ಅಡಿಗೆಗೆ ಯೋಗ್ಯವಲ್ಲವೆಂದು ಮತ್ತೆ ಎರಡು ವರ್ಷ ಶ್ರಮಪಟ್ಟು, ಸೀಸವಿಲ್ಲದ ಗಾಜನ್ನು ಸಿದ್ಧಪಡಿಸಿ, 1915ರಲ್ಲಿ ‘ಪೈರೆಕ್ಸ್’ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಿಟ್ಟರು. ಯುದ್ಧದ ದೆಸೆಯಿಂದ ಯೇನಾದ ಗಾಜು ಬರುವುದು ಆಗ ನಿಂತುಹೋಗಿತ್ತು. ಅಡಿಗೆಮನೆಗೆಂದು ಹುಟ್ಟಿದ ಗಾಜೇ ರಸಾಯನಶಾಲೆಗಳಲ್ಲಿಯೂ ಅದರ ಸ್ಥಾನವನ್ನು ತುಂಬಿತು.

ನಮ್ಮ ಅಜ್ಜಿಯೂ ಬೆಸಿ ಲಿಟಲ್ಟನ್ನಳೂ ಬುದ್ಧಿಯಲ್ಲಿ ಸಮಾನರು. ನಷ್ಟವೂ ಇಬ್ಬರಿಗೂ ಒಂದೇ ಬಗೆಯದು. ಒಬ್ಬಳ ಒಡೆದ ಪಾತ್ರೆ ಪ್ರಯೋಗಶಾಲೆಗೆ ಹೋಯಿತು, ಇನ್ನೊಬ್ಬಳದು ತಿಪ್ಪೆಗೆ ಹೋಯಿತು.

ಆ ಪ್ರಯೋಗಶಾಲೆಯ ಸ್ವಭಾವವನ್ನು ತಿಳಿಯಲು ಇನ್ನೊಂದೇ ನಿದರ್ಶನ ಸಾಕು. ಕ್ಯಾಲಿಫೋರ್ನಿಯದ ಪಲೋಮರ್ ಬೆಟ್ಟದ ದೂರದರ್ಶಕಕ್ಕೆ 200 ಅಂಗುಲ, ಎಂದರೆ ಸುಮಾರು 5 ಮೀಟರ್, ಅಗಲದ ಗಾಜಿನ ಬಿಲ್ಲೆಯನ್ನು ಎರಕ ಹೊಯ್ಯುವ ಕೆಲಸವನ್ನು ಕಾರ್ನಿಂಗಿನವರು ಒಪ್ಪಿಕೊಂಡರು. 1934ರ ಮಾರ್ಚ್ ತಿಂಗಳಲ್ಲಿ, ನೆರೆದ ಜನರ ಕಣ್ಣೆದುರಿಗೆ, ಅಚ್ಚಿನೊಳಗಿನ ತುಂಡುಗಳು ಕಿತ್ತುಕೊಂಡು ಕರಗಿದ ಗಾಜಿನ ಮೇಲೆ ತೇಲಿದುವು. ಕಂಪನಿಯು ಮುಖ ಮರೆಸಿಕೊಳ್ಳಲಿಲ್ಲ. ಆ ತುಂಡುಗಳನ್ನು ಹಿಡಿದ ಮೊಳೆಗಳು ಏಕೆ ಸೋತುವೆಂದು ವಿಚಾರಿಸಿ, ಅವುಗಳನ್ನು ಬದಲಿಸಿ, ಅದೇ ವರ್ಷದ ಡಿಸೆಂಬರ್ 2ರಂದು ಎರಡನೆಯ ಬಿಲ್ಲೆಯನ್ನು ಹೊಯ್ದಿತು. ಅದನ್ನು ಆರಿಸುವುದಕ್ಕೆ ಸುಮಾರು ಹತ್ತು ತಿಂಗಳು ಹಿಡಿಯಿತು. ಅಜ್ಜಿಯು ಒಂದು ರಾತ್ರಿ ಒಲೆಯ ಮೇಲೆ ಮಾಡಿದುದನ್ನು, ಕಾರಣವನ್ನು ಅರಿತು, ಹತ್ತು ತಿಂಗಳು ಮಾಡಿದರೆಂದು ಭಾವಿಸಿರಿ. ಆ ದೂರದರ್ಶಕವು 1948ರಲ್ಲಿ ಪ್ರತಿಷ್ಠಿತವಾಯಿತು.

ಈಗ ನಮ್ಮ ಕಡೆಗೆ ಮರಳೋಣ. ನಮ್ಮವರು ಕೈಕಟ್ಟಿ ಕುಳಿತಿದ್ದರೆಂದು ಹೇಳಿದರೆ ಅನ್ಯಾಯವಾಗುತ್ತದೆ. ಧಾರವಾಡ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ, ಅಂತಾಜಿ ದಾಮೋದರ ಕಾಳೆ ಎಂಬ ಸಾಮಾನ್ಯ ಗೃಹಸ್ಥರೊಬ್ಬರು, ಪ್ರತಿಯೊಬ್ಬನೂ ವರ್ಷಕ್ಕೆ ಒಂದೇ ಒಂದು ಪೈಸೆಯನ್ನು ಕೊಟ್ಟರೂ ದೇಶದ ಉದ್ಯೋಗಕ್ಕೆ ಬಂಡವಾಳವಾಗುವುದೆಂದು ಊರೂರು ತಿರುಗಿದರು. ಅದೇ ಪೈಸಾ ಫಂಡು. ಲೋಕಮಾನ್ಯ ತಿಲಕರು ಅದನ್ನು ಬೆಂಬಲಿಸಿದರು. ಸ್ವದೇಶಿಯ ಆ ಗಾಳಿಯು ಧಾರವಾಡಕ್ಕೂ ಬೀಸಿತ್ತು; ತಿಲಕರನ್ನು ಗುರುವೆಂದು ಭಾವಿಸಿದ ಆಲೂರ ವೆಂಕಟರಾಯರಂಥವರು ಇಲ್ಲಿ ಅದರ ವಾಣಿಯಾಗಿದ್ದರು. ಪೈಸೆಗೆ ಪೈಸೆ ಕೂಡಿದ ಆ ಹಣದಿಂದ 1908ರಲ್ಲಿ ಪುಣೆಯ ಹತ್ತಿರ ತಳೇಗಾವಿನಲ್ಲಿ ಗಾಜಿನ ಕಾರ್ಖಾನೆಯು ಆರಂಭವಾಯಿತು. ಕಾರ್ನಿಂಗಿನಲ್ಲಿ ಪ್ರಯೋಗಶಾಲೆ ತೆರೆದ ವರ್ಷವೂ ಅದೇ ಎಂಬುದನ್ನು ಗಮನಿಸಬೇಕು.

ತಳೇಗಾವಿನ ಕೆಲಸವನ್ನು ವಹಿಸಿಕೊಂಡವರು ಈಶ್ವರದಾಸ ವಾರ್ಷ್ಣೇಯ ಎಂಬ ತರುಣರು. ಅವರು ಮೊದಲು ಜಪಾನಿನಲ್ಲಿಯೂ ಅನಂತರ ಅಮೆರಿಕದ ಬಾಸ್ಟನ್ ನಗರದಲ್ಲಿದ್ದ ಮ್ಯಾಸಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿಯೂ ವಿದ್ಯೆಯನ್ನು ಕಲಿತು ಬಂದವರು. ಆ ಕಾರ್ಖಾನೆಯು ಸರಕಿಗಿಂತ ಹೆಚ್ಚಾಗಿ ಕೆಲಸಗಾರರನ್ನು ತಯಾರುಮಾಡಿತೆಂದರೆ ತಪ್ಪಾಗದು. ಅಲ್ಲಿ ಕಲಿತವರು ದೇಶದ ಬೇರೆಬೇರೆ ಕುಲುಮೆಗಳಿಗೆ ಹರಡಿದರು. ಬಡವರ ಪೈಸೆಯು ಲಾಭವನ್ನು ತರುವುದಕ್ಕೆ ಮೊದಲೇ ವಿದ್ಯೆಯನ್ನು ತಂದಿತು.

1914ರಲ್ಲಿ ಮಹಾಯುದ್ಧ ಮೊದಲಾಗಿ ಜರ್ಮನಿ, ಆಸ್ಟ್ರಿಯಗಳ ಗಾಜು ನಿಂತಾಗ ನಮ್ಮವರಿಗೆ ಅವಕಾಶ ದೊರೆಯಿತು. 1916ರಲ್ಲಿ ಸಾತಾರೆ ಜಿಲ್ಲೆಯ ಕರಾಡದ ಬಳಿ ಓಗಲೆ ಸಹೋದರರು ಒಂದು ಕಾರ್ಖಾನೆಯನ್ನು ಸ್ಥಾಪಿಸಿದರು. ಅದರ ಸುತ್ತ ಬೆಳೆದ ಊರೇ ಓಗಲೆವಾಡಿ. ಅವರ ‘ಪ್ರಭಾಕರ’ ಕಂದೀಲು ಹೆಸರುವಾಸಿಯಾಯಿತು. ಕರಾಡದಿಂದ ಮೀರಜ, ಬೆಳಗಾವಿ, ಲೋಂಡಾ ಮಾರ್ಗವಾಗಿ ರೈಲು ನೇರವಾಗಿ ನಮ್ಮ ಧಾರವಾಡ ಹುಬ್ಬಳ್ಳಿಗಳಿಗೆ ಬರುತ್ತದೆ. ನಮ್ಮ ಮನೆಯ ಪಡಸಾಲೆಯಲ್ಲಿ ತೂಗುತ್ತಿದ್ದ ಕಂದೀಲಿನ ಮೇಲೂ ಆ ಹೆಸರಿತ್ತು. ಅಕ್ಷರ ಕಲಿಯುವಾಗ ಕಂದೀಲಿನ ಬೆಳಕಿನಲ್ಲಿ ಕಂದೀಲಿನ ಹೆಸರನ್ನೇ ಓದಿದ ನೆನಪು ನನಗಿದೆ.

ಆದರೆ ಕಂದೀಲಿನ ಕಾಲವೂ ಮುಗಿಯಿತು. ವಿದ್ಯುದ್ದೀಪವು ಹಳ್ಳಿಹಳ್ಳಿಗೂ ಬಂದಿತು. ಓಗಲೆವಾಡಿಯ ಪ್ರಸಿದ್ಧ ಕುಲುಮೆಯೂ ಕಾಲಾಂತರದಲ್ಲಿ ಆರಿತು. ಇದರಿಂದ ಅದನ್ನು ಕಟ್ಟಿದವರ ಸಾಹಸವು ಸಣ್ಣದಾಗುವುದಿಲ್ಲ. ಕಾರ್ನಿಂಗಿಗೂ ಇಂಥ ಗಂಡಾಂತರಗಳು ಬಾರದೆ ಇರಲಿಲ್ಲ. ರೈಲ್ವೆಯ ಎಣ್ಣೆಯ ಕಂದೀಲು ಅಲ್ಲಿಯೂ ಹೋಯಿತು. ಪೈರೆಕ್ಸ್ ಅಡಿಗೆಪಾತ್ರೆಗಳ ವ್ಯಾಪಾರವನ್ನೇ ಆ ಕಂಪನಿಯು 1998ರಲ್ಲಿ ಮಾರಿಬಿಟ್ಟಿತು. ಆದರೆ ಅಷ್ಟು ಹೊತ್ತಿಗೆ ಅವರ ಕೈಯಲ್ಲಿ ಬೇರೊಂದು ಗಾಜಿತ್ತು. 1970ರಲ್ಲಿ ಮಾರರ್, ಕೆಕ್, ಶುಲ್ಟ್ಸ್ ಎಂಬ ಅಲ್ಲಿನ ಮೂವರು ವಿಜ್ಞಾನಿಗಳು ಬೆಳಕನ್ನು ದೂರದವರೆಗೆ ಒಯ್ಯಬಲ್ಲ ಕೂದಲಿನಷ್ಟು ತೆಳುವಾದ ಗಾಜಿನ ಎಳೆಯನ್ನು ಸಾಧಿಸಿದ್ದರು. ಇಂದು ಲೋಕದ ಮಾತುಕತೆಯೆಲ್ಲ ಅಂಥ ಎಳೆಗಳಲ್ಲಿ ಹರಿಯುತ್ತಿದೆ. ಸರಕು ಬದಲಾಯಿತು, ಪ್ರಶ್ನಿಸುವ ಪದ್ಧತಿ ಬದಲಾಗಲಿಲ್ಲ. ಒಂದೇ ಸರಕನ್ನು ನಂಬಿದ ಉದ್ಯಮವು ಆ ಸರಕಿನೊಡನೆ ಮುಗಿಯುತ್ತದೆ; ವಿಚಾರವನ್ನು ನಂಬಿದುದು ಸರಕನ್ನು ದಾಟಿ ಬದುಕುತ್ತದೆ.

ಹೀಗೆಂದ ಮಾತ್ರಕ್ಕೆ ಅಮೆರಿಕದವರು ದೇವತೆಗಳೆಂದಾಗಲಿ ನಾವು ಹೀನರೆಂದಾಗಲಿ ಅರ್ಥವಲ್ಲ. ಅವರಿಗೆ ಸ್ವಂತ ಸರಕಾರವಿತ್ತು, ಕಲ್ಲಿದ್ದಲಿತ್ತು, ಸೋತಾಗ ಇನ್ನೊಮ್ಮೆ ಎದ್ದು ನಿಲ್ಲುವಷ್ಟು ಬಂಡವಾಳವಿತ್ತು. ಮತ್ತೋಡಿನ ಬಳೆಗಾರನಿಗೆ ಇವುಗಳಲ್ಲಿ ಒಂದೂ ಇರಲಿಲ್ಲ. ಈಗಿನ ಮಾತು ಬೇರೆ. 1962ರಲ್ಲಿ ಕಾರ್ನಿಂಗಿನವರ ಸಹಯೋಗದಿಂದ ನಮ್ಮ ದೇಶದಲ್ಲಿಯೇ ಬೋರೊಸಿಲ್ ಕಾರ್ಖಾನೆಯು ಸ್ಥಾಪಿತವಾಯಿತು. 1988ರಲ್ಲಿ ಅಮೆರಿಕದವರು ತಮ್ಮ ಪಾಲನ್ನು ಬಿಟ್ಟುಕೊಟ್ಟರು. ಬಿಳಿಗಾರದ ಆ ಗಾಜು ಈಗ ನಮ್ಮ ಮನೆಗಳ ಕಪಾಟಿನಲ್ಲಿಯೂ ಕಾಲೇಜುಗಳ ಮೇಜಿನ ಮೇಲೂ ಇದೆ. ಗಾಜು ಬಂದಿತು, ಪ್ರಶ್ನೆ ಬಂದಿದೆಯೇ ಎಂಬುದನ್ನು ನಾವು ಕೇಳಿಕೊಳ್ಳಬೇಕು.

ಕೊನೆಗೆ ನನ್ನ ಸ್ವಂತದ ಒಂದು ಸಣ್ಣ ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದಾಗ ಒಂದು ದಿನ ಬಿಸಿಯಾದ ಬೀಕರನ್ನು ಒದ್ದೆಯಾದ ಕಲ್ಲಿನ ಮೇಲಿಟ್ಟೆ. ಬಾಲ್ಯದಲ್ಲಿ ಕೇಳಿದ ಆ ಠಣ್ಣೆಂಬ ಶಬ್ದವೇ ಮತ್ತೆ ಕೇಳಿಸಿತು. ಸಹಾಯಕನು ದೊಡ್ಡದೊಂದು ಪುಸ್ತಕವನ್ನು ತಂದು ನನ್ನ ಮುಂದೆ ತೆರೆದನು. ಅದರಲ್ಲಿ ಒಡೆದವನ ಹೆಸರು, ಒಡೆದ ವಸ್ತು, ಅದರ ಬೆಲೆ, ತಾರೀಖು, ಸಹಿ ಎಂದು ಐದು ಅಂಕಣಗಳಿದ್ದುವು. ಏಕೆ ಒಡೆಯಿತೆಂಬ ಅಂಕಣವಿರಲಿಲ್ಲ. ನಾನು ಸಹಿ ಮಾಡಿದೆ, ದಂಡ ಕೊಟ್ಟೆ. ಮೇಷ್ಟರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ರಸಾಯನಶಾಸ್ತ್ರದ ಕೊಠಡಿಯಲ್ಲಿ ನಿಂತಿದ್ದರೂ ಆ ದಿನ ನಾವಿಬ್ಬರೂ ಅಜ್ಜಿಯ ಉತ್ತರದಲ್ಲಿಯೇ ತೃಪ್ತರಾಗಿದ್ದೆವು. ಆಕೆಗೆ ಕೇಳುವವರಿರಲಿಲ್ಲ, ನಮಗೆ ಎಲ್ಲವೂ ಇತ್ತು. ಆದುದರಿಂದ ತಪ್ಪು ನಮ್ಮದು ದೊಡ್ಡದು.

ಹುಬ್ಬಳ್ಳಿ ಧಾರವಾಡಗಳಲ್ಲಿ ಇಂದು ವಿದ್ಯಾಲಯಗಳಿಗೆ ಕೊರತೆಯಿಲ್ಲ, ಕಾರ್ಖಾನೆಗಳೂ ಇವೆ, ಮನೆಗಳಂತೂ ಇದ್ದೇ ಇವೆ. ಈ ಮೂರರ ನಡುವೆ ದಾರಿಯಿದೆಯೇ? ಮನೆಯಲ್ಲಿ ಬಿರಿದ ಪಾತ್ರೆ, ಹೊಲದಲ್ಲಿ ಮುರಿದ ಉಪಕರಣ, ಕಾರ್ಖಾನೆಯಲ್ಲಿ ಕೆಟ್ಟ ಸರಕು ವಿದ್ಯಾಲಯದ ಮೇಜಿಗೆ ಬರುತ್ತದೆಯೇ? ಬಂದರೆ ಅಲ್ಲಿಯವರು ಅದನ್ನು ಕೈಗೆತ್ತಿಕೊಂಡು ನೋಡುತ್ತಾರೆಯೇ? ಕಾರ್ನಿಂಗಿನ ಚರಿತ್ರೆಯಿಂದ ನಾವು ಕಲಿಯಬೇಕಾದುದು ಇದು; ಅವರ ಕುಲುಮೆಯ ಅಳತೆಯನ್ನಲ್ಲ, ಲಾಭದ ಲೆಕ್ಕವನ್ನೂ ಅಲ್ಲ. ಆ ಪುಸ್ತಕದಲ್ಲಿ ಆರನೆಯ ಅಂಕಣವೊಂದನ್ನು ಗೀಟು ಹಾಕಿ ಬರೆಯುವುದಕ್ಕೆ ಬಂಡವಾಳ ಬೇಕಾಗಿಲ್ಲ. ನಿಮ್ಮ ಮನೆಯ ಮಗುವು ನಾಳೆ ಏನನ್ನಾದರೂ ಒಡೆದು ಅಳುಕುತ್ತ ನಿಂತಾಗ, ಯಾರು ಒಡೆದರೆಂದು ಗದರಿಸುವ ಮೊದಲು, ಏಕೆ ಒಡೆಯಿತು, ನೋಡೋಣ ಬಾ ಎಂದು ಕರೆಯಿರಿ. ಅಷ್ಟಾದರೆ ಮತ್ತೋಡಿನಲ್ಲಿ ಆರಿದ ಬೆಂಕಿಯ ಒಂದು ಕಿಡಿ ಮತ್ತೆ ಹೊತ್ತಿದಂತಾಗುವುದು.